ಕಿಲುಬು ತಿಂದ ಅಂಕಿ

ಲಂಡನ್ನಿನ ಒಂದು ಹಿತ್ತಲಿನಲ್ಲಿ, ಯುದ್ಧಕಾಲದಲ್ಲಿ ಬಿದ್ದು ಸಿಡಿಯದೆ ಉಳಿದ ಜರ್ಮನ್ ಬಾಂಬೊಂದು ಹೂತುಹೋಗಿತ್ತು. ಅದನ್ನು ಸಿಡಿಸಬೇಕಾಗಿದ್ದ ಫ್ಯೂಸಿನ ಮುಖದ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಅಂಕಿ ಅಚ್ಚಾಗಿತ್ತು.

"ಈ ಅಂಕಿ ನನಗೆ ಬೇಡ," ಎಂದಿತು ಫ್ಯೂಸ್. "ನಾನು ಯಾವ ಬಗೆಯವನು, ಹೇಗೆ ಸಿಡಿಯುತ್ತೇನೆ ಎಂಬುದನ್ನೆಲ್ಲ ಕಂಡಕಂಡವರಿಗೆ ಹೇಳಿಬಿಡುತ್ತದೆ."

"ಅಪ್ಪಣೆಯಾದರೆ ನಾನು ಅಳಿಸಿಕೊಡುತ್ತೇನೆ," ಎಂದಿತು ಅದರ ಮೈಗೆ ಹತ್ತಿದ ಕಿಲುಬು. "ನನಗೇನೂ ಅವಸರವಿಲ್ಲ."

ವರ್ಷಗಳು ಕಳೆದು ಅಂಕಿ ಪೂರ್ತಿ ಸವೆಯಿತು. "ಇನ್ನು ನೀವು ಯಾರೆಂದು ಯಾರಿಗೂ ತಿಳಿಯದು," ಎಂದು ಕಿಲುಬು ಹೇಳಿದಾಗ ಫ್ಯೂಸ್ ಹಿಗ್ಗಿತು.

ಒಂದು ದಿನ ಹೊಸ ಮನೆಗೆ ಪಾಯ ತೋಡುವವರಿಗೆ ಬಾಂಬು ಸಿಕ್ಕಿತು. ಬೀದಿಯವರನ್ನೆಲ್ಲ ದೂರ ಕಳಿಸಿ, ಸೇನೆಯ ಇಬ್ಬರು ಗುಂಡಿಗೆ ಇಳಿದರು. ಅಧಿಕಾರಿ ಕುಂಚದಿಂದ ಫ್ಯೂಸಿನ ಮುಖ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ಬಹಳ ಹೊತ್ತು ನೋಡಿದಳು.

"ಅಂಕಿ ಕಾಣುತ್ತಿಲ್ಲ," ಎಂದಳು.

"ಹೋದ ಸಲ ಸಿಕ್ಕಿದ್ದರ ಅಂಕಿ ಚೆನ್ನಾಗಿ ಕಾಣುತ್ತಿತ್ತು, ಮೇಡಂ," ಎಂದ ಜೊತೆಗಾರ. "ಅದಕ್ಕೇ ಅದರ ಫ್ಯೂಸನ್ನು ಬಿಚ್ಚಿ ತೆಗೆದೆವು. ಈಗ ಅದು ಮ್ಯೂಸಿಯಮ್ಮಿನಲ್ಲಿದೆ."

"ಇದು ಯಾವ ಬಗೆಯದೋ ಗೊತ್ತಿಲ್ಲದೆ ಕೈ ಹಾಕುವ ಹಾಗಿಲ್ಲ. ಸುತ್ತ ಮರಳಿನ ಚೀಲ ಪೇರಿಸಿ, ದೂರದಿಂದ ಸಿಡಿಸಿಬಿಡೋಣ."

ಇಬ್ಬರೂ ಮೇಲೆ ಹತ್ತಿಹೋದರು. ಫ್ಯೂಸ್ ಕಿಲುಬಿಗೆ ಹೇಳಿತು: "ನನ್ನ ಅಂಕಿ ವಾಪಸು ಕೊಡು."

"ಅಳಿಸುವುದಷ್ಟೇ ನನಗೆ ಗೊತ್ತು," ಎಂದಿತು ಕಿಲುಬು.

ಮೊದಲ ಚೀಲ ಗುಂಡಿಗೆ ಇಳಿಯಿತು.