ಹಿತ್ತಲ ಬಾಗಿಲಿನ ಸಾಕ್ಷಿ

"ಗುರುಗಳೇ, ನ್ಯಾಯಪೀಠಕ್ಕೆ ತಕ್ಕವರು ಯಾರೆಂದು ಗುರುತಿಸುವುದು ಹೇಗೆ?" ಎಂದು ಶಿಷ್ಯ ಸಂಗಯ್ಯ ಕೇಳಿದ.

ಗುರುಗಳು ನಕ್ಕರು. "ಅದನ್ನೇ ಹುಡುಕಿಕೊಂಡು ಹೊರಟ ಮೂವರು ಹಿರಿಯರಿದ್ದರು. ಅವರ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ," ಎಂದು ಶುರುಮಾಡಿದರು.

ಜನ ಹೊಳೆ ದಾಟುವ ಒಂದು ಕಡವಿನಲ್ಲಿ ಒಬ್ಬ ಹೆಂಗಸು ಹರಿಗೋಲು ನಡೆಸುತ್ತಿದ್ದಳು. ಅಪ್ಪನಿಗೆ ಕೈಕಾಲು ಬಿದ್ದುಹೋದ ಮೇಲೆ ಹನ್ನೆರಡು ವರ್ಷ ಹುಟ್ಟು ಹಾಕಿದವಳು ಅವಳೇ. ಅಪ್ಪ ತೀರಿಕೊಂಡ. ತಿಥಿ ಮುಗಿಯುವುದೇ ತಡ, ದೊಡ್ಡಪ್ಪನ ಮಗ ಬಂದು ಕಡವು ತನ್ನದೆಂದ. ಆ ಮಹಾರಾಯನಿಗೆ ಈಜು ಕೂಡ ಬಾರದು. ವ್ಯಾಜ್ಯ ಊರಿನ ನ್ಯಾಯಾಧಿಕಾರಿಯ ಮುಂದೆ ಹೋಯಿತು.

ನ್ಯಾಯಾಧಿಕಾರಿ ಹಳೆಯ ಕಾಲದ ಮನುಷ್ಯ. ಹಿಂದಿನ ಅರಸರು ಬರೆಸಿದ ಕಟ್ಟಳೆ ಬಿಟ್ಟು ಕೂದಲೆಳೆಯಷ್ಟೂ ಆಚೀಚೆ ಸರಿದವನಲ್ಲ. ಕಡವು ಗಂಡು ಸಂತಾನಕ್ಕೆ ಎಂದು ಕಟ್ಟಳೆಯಲ್ಲಿತ್ತು. ಅವನು ಕಡವನ್ನು ದಾಯಾದಿಗೆ ಕೊಟ್ಟ.

"ಹೊಳೆ ತುಂಬಿ ಬಂದಾಗ ಜನರನ್ನು ದಾಟಿಸಿದವಳು ನಾನು, ಸ್ವಾಮಿ," ಎಂದಳು ಅವಳು.

"ಗೊತ್ತು ತಾಯಿ. ಇವತ್ತು ಒಳ್ಳೆಯವಳಿಗಾಗಿ ನಾನು ಕಟ್ಟಳೆ ಬಗ್ಗಿಸಿದರೆ, ನಾಳೆ ಇನ್ನೊಬ್ಬ ಕೆಟ್ಟವನಿಗಾಗಿ ಬಗ್ಗಿಸುತ್ತಾನೆ. ಅದನ್ನು ಬದಲಾಯಿಸುವುದು ಅರಸರ ಕೆಲಸ, ನನ್ನದಲ್ಲ."

ಅವಳು ಸಿಟ್ಟಾಗಿ ರಾಜಧಾನಿಯ ಹಿರಿಯ ಪೀಠಕ್ಕೆ ಮೇಲ್ಮನವಿ ಕೊಟ್ಟಳು. ಅದು ಇತ್ಯರ್ಥವಾಗುವ ತನಕ ಹರಿಗೋಲು ಅವಳ ಕೈಯಲ್ಲೇ ಇರಲಿ ಎಂದಾಯಿತು. ಅಷ್ಟರಲ್ಲಿ ಹಿರಿಯ ಪೀಠದಲ್ಲಿದ್ದವರು ತೀರಿಕೊಂಡರು. ಅರಸ ಆ ಜಾಗಕ್ಕೆ ಹೆಸರಿಸಿದ್ದು ಯಾರನ್ನು ಅಂತೀಯ? ಇದೇ ನ್ಯಾಯಾಧಿಕಾರಿಯನ್ನು! ಆ ಪೀಠದಲ್ಲಿ ಒಮ್ಮೆ ಕೂತವರನ್ನು ಬದುಕಿರುವ ತನಕ ಯಾರೂ ಎಬ್ಬಿಸುವಂತಿಲ್ಲ. ಹಾಗಾಗಿ, ಕೂರಿಸುವ ಮೊದಲೇ ಹಿಂದುಮುಂದು ವಿಚಾರಿಸಿ ಬರಲು ಮೂವರು ಹಿರಿಯರನ್ನು ಕಳಿಸುವುದು ಆ ರಾಜ್ಯದ ವಾಡಿಕೆ.

ಹಿರಿಯರು ಬಂದರು. ಇಪ್ಪತ್ತು ವರ್ಷಗಳ ತೀರ್ಪಿನ ಓಲೆಗಳನ್ನು ಬಿಚ್ಚಿ ಓದಿದರು. ಎಲ್ಲವೂ ಕಟ್ಟಳೆಯಂತೆಯೇ ಇತ್ತು. ಆದರೆ ಊರಲ್ಲಿ ಒಂದು ಗುಸುಗುಸು ಉಳಿದಿತ್ತು. ಕಡವಿನ ತೀರ್ಪಿನ ಹಿಂದಿನ ದಿನ ದಾಯಾದಿ ಒಂದು ಬಾಳೆಗೊನೆ ಹೊತ್ತು ನ್ಯಾಯಾಧಿಕಾರಿಯ ಮನೆಯೊಳಗೆ ಹೋದದ್ದನ್ನು ಬೀದಿಯವರೆಲ್ಲ ನೋಡಿದ್ದರು. ಗೊನೆ ಹೊರಗೆ ಬಂದದ್ದನ್ನು ನೋಡಿದವರಿಲ್ಲ. ದಾಯಾದಿ ಏನೇ ಹೇಳಿದರೂ ಅದು ಗೆದ್ದವನ ಮಾತು, ಹಿರಿಯರು ನಂಬಲಿಲ್ಲ. ಆ ಹೊತ್ತಿಗೆ ಹಿತ್ತಲಲ್ಲಿದ್ದವಳು ಕಡವಿನವಳೊಬ್ಬಳೇ. ನ್ಯಾಯಾಧಿಕಾರಿಯ ಹೆಂಡತಿಯ ಹತ್ತಿರ ಕಷ್ಟ ಹೇಳಿಕೊಳ್ಳಲು ಹೋಗಿದ್ದಳು ಪಾಪ.

ಹಿರಿಯರು ಅವಳ ಗುಡಿಸಲಿಗೆ ಬಂದು ಚಾಪೆಯ ಮೇಲೆ ಕೂತರು. "ಆ ಗೊನೆ ಏನಾಯಿತಮ್ಮ?" ಎಂದು ಕೇಳಿದರು.

'ನಾನು ನೋಡಲಿಲ್ಲ' ಎಂದರೆ ಸಾಕಿತ್ತು. ನ್ಯಾಯಾಧಿಕಾರಿಗೆ ಪೀಠ ತಪ್ಪುತ್ತಿತ್ತು, ಅವಳ ಮೇಲ್ಮನವಿ ಬೇರೆಯವರ ಮುಂದೆ ಹೋಗುತ್ತಿತ್ತು. ಹರಿಗೋಲು ಹೋದರೆ ಅವಳಿಗೆ ಬೇರೆ ಗತಿಯಿಲ್ಲ. ಆ ಮನುಷ್ಯನ ಮೇಲಿದ್ದ ಸಿಟ್ಟೂ ಆರಿರಲಿಲ್ಲ. ಅವಳು ಎದ್ದು ಹೋಗಿ ಒಂದು ಚೊಂಬು ನೀರು ಕುಡಿದು ಬಂದಳು.

"ಹಿತ್ತಲ ಬಾಗಿಲಿನಿಂದ ವಾಪಸು ಬಂತು. ನ್ಯಾಯಾಧಿಕಾರಿಗಳೇ ಹೊತ್ತು ತಂದು ಅವನ ಹೆಗಲಿಗೇರಿಸಿ, ಚೆನ್ನಾಗಿ ಬೈದು ಕಳಿಸಿದರು. ಒಂದು ಕಾಯಿಯನ್ನೂ ಕಿತ್ತಿರಲಿಲ್ಲ. ಅವರ ತೀರ್ಪನ್ನು ನಾನು ಈಗಲೂ ಒಪ್ಪುವುದಿಲ್ಲ. ಹಾಗಂತ ಇಲ್ಲದ್ದನ್ನು ಹೇಳಲಾರೆ," ಎಂದಳು.

ಹಿರಿಯರು ಆ ಮಾತನ್ನು ಬರೆದುಕೊಂಡು ಹೋದರು. ನ್ಯಾಯಾಧಿಕಾರಿ ಪೀಠವೇರಿದ. ಮಳೆಗಾಲಕ್ಕೆ ಮುಂಚೆ ಅವಳ ಮೇಲ್ಮನವಿ ಅವನೆದುರೇ ಬಂತು. ಅರಸ ಕಟ್ಟಳೆ ಬದಲಾಯಿಸಿರಲಿಲ್ಲ, ಅವನು ತೀರ್ಪು ಬದಲಾಯಿಸಲಿಲ್ಲ. ಅವಳು ದಾಯಾದಿಯ ಕೈಗೆ ಹುಟ್ಟು ಕೊಟ್ಟು, ಹೊಳೆಯಲ್ಲಿ ಸುಳಿ ಎಲ್ಲೆಲ್ಲಿದೆ ಎಂದು ತೋರಿಸಿ, ಊರು ಬಿಟ್ಟಳು.

ಸಂಗಯ್ಯನಿಗೆ ತಡೆಯಲಾಗಲಿಲ್ಲ. "ಇದೆಂಥ ಅನ್ಯಾಯ ಗುರುಗಳೇ! ಅಷ್ಟೆಲ್ಲ ಹುಡುಕಿದ ಆ ಹಿರಿಯರಿಗೆ ಪೀಠಕ್ಕೆ ತಕ್ಕವರು ಬೇರೆ ಯಾರೂ ಸಿಗಲಿಲ್ಲವೇ?"

"ಸಿಕ್ಕಿದ್ದರಲ್ಲ," ಎಂದರು ಗುರುಗಳು, "ಹಿರಿಯರು ಅವಳ ಚಾಪೆಯ ಮೇಲೇ ಕೂತು, ಅವಳ ಮಾತು ಬರೆದುಕೊಂಡು, ಅವಳನ್ನು ಅಲ್ಲೇ ಬಿಟ್ಟು ಎದ್ದು ಬಂದರು."