ಬಾವಿಗೆ ಬಿದ್ದವನ ಹೆಸರು

ನಮ್ಮ ತಾಲ್ಲೂಕು ಕೋರ್ಟಿನ ಮುಂದೆ ಅರ್ಜಿ ಟೈಪು ಮಾಡುವವನಂಥ ತಲೆ ಏಳು ಹೋಬಳಿ ಸುತ್ತಿದರೂ ಸಿಗದು, ಬರೆದಿಟ್ಟುಕೊಳ್ಳಿ. ನಿಂಗರಾಜೇಗೌಡನೂ ಹೆಂಡತಿ ಜವರಮ್ಮನೂ ಒಪ್ಪಿ ಬೇರೆಯಾಗುವ ಅರ್ಜಿಯನ್ನು ಅವನೇ ಟೈಪು ಮಾಡಿದ್ದ. ಸಹಿ ಹಾಕುವ ಹೊತ್ತಿಗೆ ಗೌಡ ಗುಡುಗಿದ.

"ಇವಳು ಬಡಗಿ ಬಸವಾಚಾರಿ ಜೊತೆ ಕೆಟ್ಟಳು ಅಂತ ಸೇರಿಸು. ಊರು ಉಗೀಬೇಕು!"

"ಸುಳ್ಳು ಕಣಣ್ಣಾ," ಅಂದಳು ಜವರಮ್ಮ. ಬಸವಾಚಾರಿ ಬಾವಿಗೆ ಬಿದ್ದು ಸತ್ತು ಎರಡು ವರ್ಷ. ಅಲ್ಲ ಅನ್ನಲು ಅವನೆಲ್ಲಿ ಬರಬೇಕು?

"ಒಪ್ಪಿ ಬಿಡೋದಾದರೆ ತಪ್ಪು ಯಾರದು ಅಂತ ಕೋರ್ಟು ಕೇಳಲ್ಲ ಗೌಡ್ರೇ," ಅಂದ ಟೈಪಿನವನು. "ಹಾದರ ಅಂದ್ರೆ ಬೇರೆ ಕೇಸು. ಅವನನ್ನೂ ಪ್ರತಿವಾದಿ ಮಾಡಬೇಕು. ಜವಾನ ಬಾಗಿಲಲ್ಲಿ ನಿಂತು ಅವನ ಹೆಸರು ಮೂರು ಸಲ ಕೂಗ್ತಾನೆ."

"ಸತ್ತವನನ್ನಾ?"

"ಅವನು ಸತ್ತಿದ್ದು ಕೋರ್ಟಿಗೇನು ಗೊತ್ತು? ಬಂದವನ ಗುರುತು ನೀವೇ ಹೇಳಬೇಕು. ಬಾವಿ ಹತ್ರ ಕೊನೆಗೆ ಜೊತೇಲಿದ್ದೋರು ನೀವೇ ಅಲ್ವಾ?"

ಅಷ್ಟರಲ್ಲಿ ಕೋರ್ಟಿನ ಬಾಗಿಲಲ್ಲಿ ಜವಾನ ಯಾರದೋ ಹೆಸರು ಮೂರು ಸಲ ಕೂಗಿ, ಬಾಗಿಲು ಮುಚ್ಚಿಕೊಂಡು ಒಳಗೆ ಹೋದ. ಯಾರೂ ಬರಲಿಲ್ಲ. ಗಾಳಿಯಿಲ್ಲದ ಜಗಲಿಯಲ್ಲಿ ಆ ಬಾಗಿಲು ಮಾತ್ರ ತಾನಾಗಿ ಮೆಲ್ಲಗೆ ತೆರೆದುಕೊಂಡಿತು. ಟೈಪಿನವನ ಮೈಯೂ ಜುಮ್ಮೆಂದಿತು. ಮುಖದಲ್ಲಿ ತೋರಿಸಲಿಲ್ಲ.

ಗೌಡ ಹಳೇ ಅರ್ಜಿಗೇ ಸಹಿ ಗೀಚಿದ. ಜವರಮ್ಮನೂ ಹಾಕಿದಳು.

"ಅವನಿನ್ನು ಬರಲ್ಲ ತಾನೆ?"

"ಕೋರ್ಟಿಗೆ ಬರಲ್ಲ ಗೌಡ್ರೇ."