ನೂಲಿನ ಆಚೆ ಈಚೆ

ಕಂಪ್ಯೂಟರ್ ಪರದೆಯ ಮೇಲೆ ಫೋಟೋಗಳು ಒಂದಕ್ಕೊಂದು ಕೂಡಿಕೊಳ್ಳತೊಡಗಿದರೆ ತನುಜಾ ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಿದ್ದಳು, ಮನೆಗೆ ಹಿರಿಯರು ಬಂದಾಗ ಏಳುವ ಹಾಗೆ. ಕೆಲಸ ಮುಗಿಯುವವರೆಗೆ ಕೂರುತ್ತಿರಲಿಲ್ಲ. ಜೊತೆಗೆ ಕಲಿಯುವವರು "ರಾಷ್ಟ್ರಗೀತೆ ಶುರುವಾಯಿತು ನೋಡಿ" ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಆದರೆ ನಿಂತೇ ಇರುತ್ತಿದ್ದಳು.

ಗಜೇಂದ್ರಗಡದ ಒಂದು ಮಾಳಿಗೆ ಕೋಣೆಯಲ್ಲಿ ಚೆನ್ನವೀರ ಮಾಸ್ತರರು ಫೋಟೋ ವಿದ್ಯೆ ಕಲಿಸುತ್ತಿದ್ದರು. ಅಲ್ಲಿ ಬಳಸುತ್ತಿದ್ದ ತಂತ್ರಾಂಶ ಸಾವಿರಾರು ಫೋಟೋಗಳನ್ನು ದಿನ, ಊರು ನೋಡಿ ವಿಂಗಡಿಸಿಡುತ್ತಿತ್ತು. ಕತ್ತಲಾದ ಮುಖಕ್ಕೆ ಬೆಳಕು ಕೊಡುತ್ತಿತ್ತು. ತುಂಡು ತುಂಡಾಗಿ ತೆಗೆದ ಬೆಟ್ಟವನ್ನು ಹೊಲಿದು ಒಂದೇ ಬೆಟ್ಟ ಮಾಡುತ್ತಿತ್ತು. ಅದಕ್ಕೆ ಬೆಲೆ ಇರಲಿಲ್ಲ. ಬೇಕಾದವರು ಇಳಿಸಿಕೊಳ್ಳಬಹುದಿತ್ತು. ಬಲ್ಲವರು ಅದನ್ನು ಒಳಗಿನವರೆಗೂ ಬಿಚ್ಚಿ ನೋಡಿ ತಿದ್ದಬಹುದಿತ್ತು.

ಒಂದು ಮಧ್ಯಾಹ್ನ ಉಳಿದವರೆಲ್ಲ ಊಟಕ್ಕೆ ಹೋದ ಮೇಲೆ, ಬಹಳ ದಿನದಿಂದ ಒಳಗೇ ಇಟ್ಟುಕೊಂಡಿದ್ದ ಮಾತನ್ನು ತನುಜಾ ಕೇಳಿದಳು.

"ಸರ್, ಇದನ್ನು ಒಬ್ಬರು ಮಾಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡದ ಎಷ್ಟೋ ಜನ ಯಾವ್ಯಾವ ದೇಶದಲ್ಲೋ ಕೂತು ಮಾಡಿದ್ದಾರೆ. ಮಾಡಿ, ಯಾರು ಬೇಕಾದರೂ ಕೈ ಹಾಕಿ ಎಂದು ತೆರೆದಿಟ್ಟಿದ್ದಾರೆ. ಎಲ್ಲರೂ ಕೈ ಹಾಕಿದ ಮೇಲೆ ಅದು ಯಾರದಾಗಿ ಉಳಿಯುತ್ತದೆ?"

ಮಾಸ್ತರರು ನೇರವಾಗಿ ಉತ್ತರ ಕೊಡಲಿಲ್ಲ. ಒಂದು ಕತೆ ಹೇಳಿದರು.

ನೇಕಾರರ ಒಂದು ಊರು. ಅಲ್ಲಿ ಮೇಲಿನ ಕೇರಿ, ಕೆಳಗಿನ ಕೇರಿ ಎಂದು ಎರಡು ಕೇರಿ. ಎರಡಕ್ಕೂ ಸೇರಿ ಒಂದು ಛತ್ರ. ಅದರ ಉದ್ದನೆಯ ಗೋಡೆಯ ಮೇಲೆ ಒಬ್ಬ ಚಿತ್ರಗಾರ ಹಿಂದೆ ಒಂದು ಮೆರವಣಿಗೆ ಬರೆದಿದ್ದ. ನೇಕಾರರು ದೇವಿಗೆ ಸೀರೆ ಒಯ್ಯುವ ಮೆರವಣಿಗೆ. ಮನೆಗೊಬ್ಬರನ್ನು ಎದುರಿಗೆ ನಿಲ್ಲಿಸಿಕೊಂಡು ಬರೆದಿದ್ದರಿಂದ ಅಲ್ಲಿದ್ದ ಪ್ರತಿಯೊಂದು ಮುಖವೂ ಯಾರದೋ ಅಜ್ಜ, ಯಾರದೋ ಅತ್ತೆ.

ಮುಂದೆ ಎರಡು ಕೇರಿಗೂ ಮನಸ್ತಾಪ ಬಂತು. ಛತ್ರ ಪಾಲಾಯಿತು. ನಡುವೆ ಗೋಡೆ ಎಬ್ಬಿಸಲು ಯಾರಿಗೂ ಮನಸ್ಸಾಗಲಿಲ್ಲ. ನೇಕಾರರಲ್ಲವೆ, ಚಿತ್ರದ ಗೋಡೆಗೆ ತಾಗುವಂತೆ ತೊಲೆಯಿಂದ ನೆಲದವರೆಗೆ ಒಂದು ನೂಲು ಇಳಿಬಿಟ್ಟರು. ಅದನ್ನು ದಾಟುವುದಿಲ್ಲ ಎಂದು ದೇವಿಯ ಮುಂದೆ ಆಣೆ ಹಾಕಿದರು. ಗಾಳಿಗೆ ನೂಲು ಹರಿದರೆ ಎರಡೂ ಕೇರಿಯವರು ಬಂದು ಅದೇ ಜಾಗದಲ್ಲಿ ಹೊಸದು ಕಟ್ಟಿ ಹೋಗುತ್ತಿದ್ದರು. ಅದೊಂದು ಕೆಲಸಕ್ಕೆ ಮಾತ್ರ ಅವರು ಕೂಡುತ್ತಿದ್ದರು.

ಆ ಊರಿನಲ್ಲಿ ಒಬ್ಬ ನೇಯುವ ಹೆಂಗಸು ಇದ್ದಳು. ಅವಳು ಹೊಟ್ಟೆಯಲ್ಲಿದ್ದಾಗಲೇ ತಂದೆ ತೀರಿಕೊಂಡಿದ್ದ. ಅವನದೊಂದು ಫೋಟೋ ಇರಲಿಲ್ಲ. ಅವಳ ಪಾಲಿಗೆ ಅವನು ಇದ್ದದ್ದು ಆ ಗೋಡೆಯ ಮೇಲೆ ಮಾತ್ರ, ಮುಂದಕ್ಕೆ ಚಾಚಿದ ಎರಡು ಕೈಗಳ ಮೇಲೆ ಸೀರೆ ಹೊತ್ತುಕೊಂಡು. ನೂಲು ಅವನ ಮುಖಕ್ಕೂ ಚಾಚಿದ ಕೈಗಳಿಗೂ ನಡುವೆಯೇ ಇಳಿದಿತ್ತು. ಮುಖ ಮೇಲಿನ ಕೇರಿಯ ಪಾಲಿಗೆ ಹೋಗಿತ್ತು. ಕೈಗಳೂ ಸೀರೆಯೂ ಕೆಳಗಿನ ಕೇರಿಯ ಪಾಲಿಗೆ.

ಒಂದು ವರ್ಷ ಆ ಗೋಡೆ ಬಿರುಕು ಬಿಟ್ಟು ವಾಲಿತು. ಯಾರ ಮೇಲಾದರೂ ಬೀಳುವ ಮೊದಲು ಕೆಡವಬೇಕು ಎಂದಾಯಿತು. ಅದಕ್ಕೂ ಮೊದಲು ಚಿತ್ರವನ್ನು ಫೋಟೋದಲ್ಲಿ ಉಳಿಸಿಕೊಳ್ಳಬೇಕು ಎಂದೂ ಆಯಿತು. ಆದರೆ ಒಬ್ಬನೇ ಎರಡೂ ಪಾಲು ತೆಗೆಯಕೂಡದು ಎಂದು ಹಿರಿಯರು ಪಟ್ಟು ಹಿಡಿದರು. ಮೇಲಿನವರು ತಮ್ಮ ಫೋಟೋದವನನ್ನು ಕರೆಸಿದರು, ಕೆಳಗಿನವರು ತಮ್ಮವನನ್ನು. ಇಬ್ಬರೂ ನೂಲಿನವರೆಗೆ ತೆಗೆದರು. ಆಚೆಯ ಒಂದು ಎಳೆ ಬಣ್ಣವೂ ಬಾರದ ಹಾಗೆ ತೆಗೆದರು. ಇನ್ನೊಬ್ಬರದನ್ನು ಮುಟ್ಟಲಿಲ್ಲವೆಂದು ಎಲ್ಲರಿಗೂ ಸಮಾಧಾನ.

ಹೆಂಗಸು ಎರಡೂ ಕಡೆಯ ಫೋಟೋಗಳನ್ನು ಕೇಳಿ ಪಡೆದು ಪಕ್ಕದ ಊರಿನ ಸ್ಟುಡಿಯೊಕ್ಕೆ ಒಯ್ದಳು. ಅಲ್ಲಿನ ಕಂಪ್ಯೂಟರಿನಲ್ಲಿ ಮೇಲಿನ ಕೇರಿಯ ತುಂಡುಗಳು ತಮ್ಮ ತಮ್ಮಲ್ಲೇ ಕೂಡಿ ಒಂದಾದವು. ಕೆಳಗಿನ ಕೇರಿಯವೂ ಒಂದಾದವು. ಅವೆರಡು ಮಾತ್ರ ಕೂಡಲಿಲ್ಲ. ಸ್ಟುಡಿಯೊದವನು ಅಕ್ಕಪಕ್ಕ ಇಟ್ಟು ನೋಡಿದ. ಒಬ್ಬ ಹತ್ತಿರ ನಿಂತು ನೇರವಾಗಿ ತೆಗೆದಿದ್ದ, ಇನ್ನೊಬ್ಬ ದೂರ ನಿಂತು ಓರೆಯಾಗಿ. ತಂದೆಗೆ ಬೇರೆ ಯಾರದೋ ಕೈ ತಂದು ಅಂಟಿಸಿದ ಹಾಗಿತ್ತು. ಒಂದು ಚಿತ್ರ ಇನ್ನೊಂದರ ಗುರುತು ಹಿಡಿಯಬೇಕಾದರೆ ಇದರಲ್ಲಿರುವುದು ಸ್ವಲ್ಪವಾದರೂ ಅದರಲ್ಲೂ ಇರಬೇಕು, ಇಲ್ಲಿ ಇಬ್ಬರೂ ತೆಗೆದ ಜಾಗ ಬೆರಳಗಲವೂ ಇಲ್ಲ ಎಂದು ಅವನು ಬಿಡಿಸಿ ಹೇಳಿದ.

ಅವಳು ಊರಿಗೆ ಮರಳಿದಾಗ ಹಾರೆ ಹಿಡಿದವರು ಛತ್ರದ ಮುಂದೆ ನಿಂತಿದ್ದರು. ಗೋಡೆ ಬೀಳುವುದನ್ನು ತೆಗೆಯಲು ಇಬ್ಬರು ಫೋಟೋದವರೂ ಬಂದಿದ್ದರು. ಅವಳು ಎರಡೂ ಕೇರಿಯ ಹಿರಿಯರಿಗೆ ವಿಷಯ ತಿಳಿಸಿ, ಇನ್ನೊಮ್ಮೆ ತೆಗೆಸಿ, ಈ ಸಲ ನೂಲು ದಾಟಿ ತೆಗೆಸಿ ಎಂದು ಬೇಡಿಕೊಂಡಳು. ತನ್ನ ಪಾಲು ತನಗೆ ಸಾಕು, ಪರರದಕ್ಕೆ ಕೈ ಹಾಕಿ ಅಭ್ಯಾಸವಿಲ್ಲ ಎಂದು ಮೇಲಿನ ಕೇರಿಯ ಹಿರಿಯ ಹೇಳಿದ. ಕೈ ಹಾಕದಿದ್ದರೂ ಕಣ್ಣು ಇಷ್ಟು ವರ್ಷ ಈ ಕಡೆಗೇ ಇತ್ತಲ್ಲ ಎಂದು ಕೆಳಗಿನವನು ಚುಚ್ಚಿದ. ಮಾತು ಹಳೆಯ ಜಗಳದ ಕಡೆಗೆ ತಿರುಗಿತು. ಹಾರೆಯವರು ತಮಗೆ ಹೊತ್ತಾಗುತ್ತದೆ ಎಂದರು.

ಆಗ ಅವಳು ಹೋಗಿ ನೂಲಿನ ಬಳಿ ನಿಂತಳು.

"ಮುಖ ಮೇಲಿನ ಕೇರಿಯದು, ಕೈ ಕೆಳಗಿನ ಕೇರಿಯದು. ಆಗಲಿ ಕಾಕಾ. ನಾನು ಯಾವ ಕೇರಿಯ ಮಗಳು, ಅಷ್ಟು ಹೇಳಿ ಗೋಡೆ ಕೆಡವಿರಿ."

ಮೇಲಿನ ಕೇರಿಯ ಹಿರಿಯ ಬಹಳ ಹೊತ್ತು ಗೋಡೆಯನ್ನೇ ನೋಡಿದ. ಆಮೇಲೆ ನೂಲನ್ನು ಬೆರಳಿನಿಂದ ಪಕ್ಕಕ್ಕೆ ಎಳೆದು ಹಿಡಿದು, ಎದುರು ಕೇರಿಯ ಫೋಟೋದವನನ್ನು ಕರೆದ.

"ಬಾರಪ್ಪ, ನಮ್ಮದನ್ನೂ ತೆಗೆದುಕೋ. ನೀನು ತೆಗೆದರೆ ನಮಗೇನೂ ಕಡಿಮೆಯಾಗುವುದಿಲ್ಲ. ಆಣೆಯ ಮಾತು ದೇವಿಗೂ ನನಗೂ ನಡುವೆ ಇರಲಿ."

ಅವನ ಸರದಿ ಮುಗಿದ ಮೇಲೆ ಕೆಳಗಿನ ಕೇರಿಯ ಹಿರಿಯನೂ ಬಂದು ಅದೇ ನೂಲನ್ನು ಇನ್ನೊಂದು ಕಡೆಗೆ ಎಳೆದು ಹಿಡಿದ. ಹೀಗೆ ಇಬ್ಬರು ಫೋಟೋದವರೂ ಆ ಒಬ್ಬ ಮನುಷ್ಯನನ್ನು ತಲೆಯಿಂದ ಬೆರಳ ತುದಿಯವರೆಗೆ ತೆಗೆದರು. ಸಂಜೆಗೆ ಗೋಡೆ ನೆಲಕ್ಕೆ ಬಂತು.

ಮರುದಿನ ಹೆಂಗಸು ಮತ್ತೆ ಸ್ಟುಡಿಯೊಕ್ಕೆ ಹೊರಟಳು. ಹಿರಿಯರಿಬ್ಬರೂ ಅದೇ ಟಂಟಂ ಗಾಡಿ ಹತ್ತಿ, ಒಬ್ಬರ ಮುಖ ಒಬ್ಬರು ನೋಡದೆ ಕೂತು ಬಂದರು. ಯಂತ್ರ ಹುಡುಕಲು ಶುರುಮಾಡಿತು. ಈ ಚಿತ್ರದ ಒಂದು ಬಿರುಕನ್ನು ಆ ಚಿತ್ರದ ಅದೇ ಬಿರುಕಿಗೆ ಕಟ್ಟಿತು. ಇಲ್ಲಿನ ಸೆರಗಿನ ಒಂದು ಗೆರೆಯನ್ನು ಅಲ್ಲಿನ ಅದೇ ಗೆರೆಗೆ ಕಟ್ಟಿತು. ದೂರದ್ದು ಹತ್ತಿರ ಬಂತು, ಓರೆಯಾದದ್ದು ನೆಟ್ಟಗಾಯಿತು. ತಂದೆಯ ಭುಜದಿಂದ ತೋಳು ಇಳಿಯಿತು, ತೋಳಿನ ಕೊನೆಗೆ ಅಂಗೈ ತೆರೆಯಿತು, ಅಂಗೈ ಮೇಲೆ ಸೀರೆ ಬಂದು ಕೂತಿತು. ಅವನ ಹಿಂದೆ ಒಂದು ಕೇರಿ, ಮುಂದೆ ಒಂದು ಕೇರಿ. ನಿಂತುಹೋಗಿದ್ದ ಮೆರವಣಿಗೆ ಮತ್ತೆ ಹೊರಟಂತೆ ಕಂಡಿತು. ಹೆಂಗಸು ತಲೆಯ ಮೇಲೆ ಸೆರಗು ಹೊದ್ದುಕೊಂಡಳು.

ಮಾಸ್ತರರು ಅಲ್ಲಿಗೆ ಕತೆ ನಿಲ್ಲಿಸಿದರು. ಕಂಪ್ಯೂಟರಿನ ಕಡೆಗೆ ತಿರುಗಿ ಒಂದು ಫೋಟೋ ತೆರೆದರು. ಪರದೆಯ ಈ ಅಂಚಿನಿಂದ ಆ ಅಂಚಿಗೆ ಜನ ನಡೆಯುತ್ತಿದ್ದರು. ನಡುವೆ ಒಬ್ಬ ಮನುಷ್ಯ ಎರಡೂ ಕೈ ಚಾಚಿ ಸೀರೆ ಹೊತ್ತಿದ್ದ. ಇಷ್ಟು ಹೊತ್ತು ಬರೀ ಕತೆ ಎಂದುಕೊಂಡಿದ್ದ ತನುಜಾ ಎದ್ದು ನಿಂತಳು.

"ನೀನು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ ತಂಗಿ, ಮೊದಲು ಇದರಲ್ಲಿ ಮೇಲಿನ ಕೇರಿಯದು ಎಲ್ಲಿಗೆ ಮುಗಿಯಿತು, ತೋರಿಸು" ಎಂದರು ಮಾಸ್ತರರು.

ತನುಜಾ ಪರದೆಯ ಹತ್ತಿರಕ್ಕೆ ಬಾಗಿದಳು. ಆ ತೋಳಿನ ಉದ್ದಕ್ಕೂ ಬೆರಳಾಡಿಸಿ ನೂಲಿದ್ದ ಜಾಗ ಹುಡುಕಿದಳು; ಬೆರಳು ಎಲ್ಲಿಯೂ ನಿಲ್ಲಲಿಲ್ಲ.